ಓಕುಳಿಯಲ್ಲ, ದಾಸವಾಳದ ಚಹಾ

ಸಪ್ತಾಪುರ, ಧಾರವಾಡ
ಮಂಗಳವಾರ, ೧೩ ಜೂನ್ ೧೯೬೧

ಚಿರಂಜೀವಿ ಕಸ್ತೂರೆವ್ವಳಿಗೆ ಯಂಕಣ್ಣ ಕಾಕಾ ತಲೆಯ ಮೇಲೆ ಕೈಯಿಟ್ಟು ಮಾಡುವ ಆಶೀರ್ವಾದ.

ಇತ್ತ ನಾನು ಕ್ಷೇಮ. ಅತ್ತ ನೀನು ಕ್ಷೇಮವಾಗಿಲ್ಲವೆಂಬುದು ತಿಳಿದೇ ಬರೆಯುತ್ತಿರುವುದರಿಂದ ಮುಂದಿನ ಸಾಲನ್ನು ಬಿಟ್ಟಿದ್ದೇನೆ.

ಧಾರವಾಡಕ್ಕೆ ಮೊಟ್ಟಮೊದಲು ಬರ್ಫ ತಂದ ಮನುಷ್ಯ ನಾನು. ಅದಕ್ಕೂ ಮುಂಚೆ ಈ ಊರಿನ ವಕೀಲರು, ಪ್ರೊಫೆಸರರು ಸಹಿತ ನೀರು ಕಲ್ಲಾಗುತ್ತದೆಂದರೆ ನಂಬುತ್ತಿರಲಿಲ್ಲ. ಒಬ್ಬ ದೊಡ್ಡ ಸಾಹೇಬರು ನನ್ನ ಕೈಯಿಂದ ಒಂದು ತುಂಡು ಇಸಿದುಕೊಂಡು, ಕುರ್ಚಿ ಬಿಟ್ಟು ಎದ್ದು ನಿಂತು ನಮಸ್ಕಾರ ಮಾಡಿದರು. ಯಾರು ಎಂದು ಕೇಳಬೇಡ, ಈಗ ಅವರಿಗೆ ವರ್ಗವಾಗಿದೆ.

ಇಂಥ ಮನುಷ್ಯನಿಗೆ ನಿನ್ನಪ್ಪ, ಅಂದರೆ ನನ್ನ ಅಣ್ಣ ಅರ್ಜುನಪ್ಪ, ಒಂದು ಕಾರ್ಡು ಗೀಚಿ ಹಾಕಿದ್ದಾನೆ. ಬರುವ ರವಿವಾರ ನಿನ್ನನ್ನು ಹುಬ್ಬಳ್ಳಿಗೆ ಹುಲಗಪ್ಪನವರ ಮನೆಗೆ ಕರೆದೊಯ್ಯುತ್ತಾನಂತೆ. ಅಲ್ಲಿ ಹಿರಿಯರ ಮುಂದೆ ನಿಂತು ನೀನು, 'ಅವತ್ತ ನಕ್ಕದ್ದು ತಪ್ಪಾತ್ರಿ, ಇನ್ನ ಮ್ಯಾಲೆ ದೊಡ್ಡವರ ಮುಂದ ನಗಂಗಿಲ್ಲ' ಎನ್ನಬೇಕಂತೆ. ಅಷ್ಟು ಅಂದರೆ ಅವರ ಮಗನಿಗೆ ನಿನ್ನನ್ನು ತಂದುಕೊಳ್ಳುತ್ತಾರಂತೆ. ನಾನು ಮಾತ್ರ ಆ ಕಡೆ ಸುಳಿಯಬಾರದಂತೆ. ಸುಳಿಯಬೇಡ ಎಂದದ್ದಕ್ಕೆ ನನಗೇನೂ ಅನಿಸಲಿಲ್ಲ ಮಗಳೇ, ಜನ ನನಗೆ ಅದನ್ನು ಹೇಳುತ್ತಲೇ ಬಂದಿದ್ದಾರೆ. ಆದರೆ 'ನಗಂಗಿಲ್ಲ' ಎಂಬ ಮಾತು ಓದಿ ಕಾರ್ಡನ್ನು ಒಲೆಗೆ ಹಾಕಿದೆ.

ಆ ದಿನ ನಡೆದದ್ದನ್ನು ನಾನೇ ಬರೆದಿಡುತ್ತೇನೆ, ಯಾಕೆಂದರೆ ಸುದ್ದಿಗೆ ಈಗ ಕೈಕಾಲು ಮೂಡಿವೆ. ಹುಬ್ಬಳ್ಳಿಯ ಜನ ನನ್ನ ಚಹಾದಲ್ಲಿ ಸುಣ್ಣ ಕದಡಿತ್ತು ಎನ್ನುತ್ತಿದ್ದಾರಂತೆ.

ಮೇ ತಿಂಗಳ ಬಿಸಿಲು. ನೀನು ಟ್ರೇನಿಂಗ್ ಕಾಲೇಜಿನ ಮೊದಲ ವರ್ಷ ಮುಗಿಸಿ ನನ್ನ ಮನೆಯಲ್ಲಿಯೇ ಇದ್ದೆ. ಹೆಣ್ಣು ನೋಡಲು ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ಬೆಂದು ಬಂದವರ ಮುಂದೆ ಕುದಿಯುವ ಚಹಾ, ಹೊಗೆಯಾಡುವ ಉಪ್ಪಿಟ್ಟು ಇಡುವುದು ನಮ್ಮ ಪದ್ಧತಿ. ಆ ಪದ್ಧತಿ ಮಾಡಿದವನು ಮಾಘ ಮಾಸದಲ್ಲಿ ಮಾಡಿರಬೇಕು. ನಾನು ತಂಪು ಚಹಾ ಮಾಡುತ್ತೇನೆಂದೆ. ಬೇಡವೆಂದವರು ಎಲ್ಲರೂ, ಬೇಕೆಂದವಳು ನೀನೊಬ್ಬಳು.

ಹಿತ್ತಲ ಗಿಡದ ಐದೆಸಳಿನ ಕೆಂಪು ದಾಸವಾಳವನ್ನು ಬಿಸಿಲೇರುವ ಮೊದಲೇ ಇಬ್ಬರೂ ಕೂಡಿ ಹರಿದೆವು. ನಮ್ಮಕ್ಕ ಉಡಚವ್ವ, ನಿನ್ನ ಸೋದರತ್ತಿ, ಮುತ್ತೈದೆ ಹಿರಿಯಳೆಂದು ಹಿಂದಿನ ದಿನವೇ ಊರಿಂದ ಬಂದಿದ್ದಳಲ್ಲ, ಬುಟ್ಟಿ ನೋಡಿ ಹಣೆ ಬಡಿದುಕೊಂಡಳು. 'ದೇವರ ತಲಿಮ್ಯಾಲೆ ಏರೂ ಹೂವ ಬೋಗಾಣ್ಯಾಗ ಹಾಕ್ತಿಯೇನೋ ಮುಕ್ಕಾ?' ದೇವರಿಗೂ ಒಂದು ಗಲಾಸು ಇಡುತ್ತೇನೆಂದು ಸಮಾಧಾನ ಮಾಡಿದೆ. ಹಸಿರು ತೊಟ್ಟು, ನಡುವಿನ ಕಡ್ಡಿ ತೆಗೆದು ಎಸಳಷ್ಟನ್ನೇ ಇಟ್ಟುಕೊಂಡೆವು. ನೀರು ಮರಳಿದ ಮೇಲೆ ಒಲೆಯಿಂದ ಇಳಿಸಿ ಎಸಳು ಹಾಕಿ ಮುಚ್ಚಬೇಕು. ಒಲೆಯ ಮೇಲೆಯೇ ಕುದಿಸಿದರೆ ಲೋಳೆ ಬಿಡುತ್ತದೆ. ತುಸು ಹೊತ್ತಿಗೆ ನೀರಿಗೆ ನೇರಳೆಹಣ್ಣಿನ ಬಣ್ಣ ಬರುತ್ತದೆ, ಎಸಳು ಬಣ್ಣಗೇಡಿಯಾಗುತ್ತವೆ. ಸೋಸಿ, ಸಕ್ಕರೆ ಕದಡಿ, ಲಿಂಬೆ ಹಿಂಡಿದೆವೋ ಇಲ್ಲವೋ, ಕಣ್ಣೆದುರಿಗೇ ಕೆಂಪಗೆ ಹೊಳೆಯುತ್ತದೆ. ಅದರಲ್ಲಿ ಚಹಾಪುಡಿ ಒಂದು ಚಿಟಿಕೆಯೂ ಇಲ್ಲ. ಆದರೂ ಅದು ಚಹಾ. ಹೆಸರಿಡುವ ಹಕ್ಕು ಹೆತ್ತವನದು.

ಬರ್ಫದ ಸಾಹಸ ನಿನಗೆ ಗೊತ್ತಿಲ್ಲ. ಹೂ ಹರಿದಿಟ್ಟವನೇ ರೈಲು ಹತ್ತಿ ಹುಬ್ಬಳ್ಳಿಗೆ ಹೋಗಿ, ದುರ್ಗದ ಬೈಲಿನಲ್ಲಿ ಬರ್ಫ ಮಾರುವ ರಸೂಲಸಾಬನಿಂದ ಒಂದು ಗಡ್ಡೆ ಕೊಂಡೆ. ನಾನು ಕಟ್ಟಿಗೆ ಅಡ್ಡೆಯಲ್ಲಿ ಹಮಾಲರ ಮೇಲಿನ ಮುಕಾದಮ, ಗರಗಸದ ಹೊಟ್ಟಿಗೆ ನನಗೇನು ಬರ? ಹೊಟ್ಟಿನಲ್ಲಿ ಹುಗಿದು, ಗೋಣಿಚೀಲ ಸುತ್ತಿದೆವು. 'ದಾರ್ಯಾಗ ಬಿಚ್ಚಿ ಬಿಚ್ಚಿ ನೋಡಬ್ಯಾಡ್ರಿ ಯಂಕಣ್ಣಾರ, ಹೊಸ ಸೊಸಿ ಹಂಗ ಮುಚ್ಚಿಕೊಂಡ ಒಯ್ರಿ' ಎಂದ ರಸೂಲಸಾಬ. ರೈಲಿನಲ್ಲಿ ನಾಲ್ಕು ಸಲ ಬಿಚ್ಚಿ ನೋಡಿದೆ. ಹುಬ್ಬಳ್ಳಿಯಲ್ಲಿ ಹತ್ತಿದ್ದು ಕರುವಿನಷ್ಟು, ಧಾರವಾಡದಲ್ಲಿ ಇಳಿದದ್ದು ಬೆಕ್ಕಿನಷ್ಟು.

ಹುಲಗಪ್ಪನವರು ಬಂದು ನಿಮ್ಮಪ್ಪನ ಪಕ್ಕದಲ್ಲಿ ಕೂತರು. ಮಗ ಮಾತ್ರ ವೀಳ್ಯದೆಲೆ ತರಲು ಪೇಟೆಯಲ್ಲಿ ಉಳಿದಿದ್ದ. ನೀನು ತಂದಿಟ್ಟ ಗಲಾಸನ್ನು ಅವರು ಒಂದೇ ಗುಕ್ಕಿಗೆ ಬರಿದು ಮಾಡಿ, ಮೀಸೆ ಒರೆಸಿಕೊಂಡು, ಇದೇನು ಎಂದು ಕೇಳಿದರು. ವಿಲಾಯತಿ ಷರಬತ್ತು ಎಂದೆ. 'ಛಲೋ ಐತಿ, ಇನ್ನೊಂದು ಬರಲಿ' ಎಂದರು. ಇದನ್ನು ನೆನಪಿಡು ಮಗಳೇ. ಇನ್ನೊಂದು ಬರಲಿ ಎಂದದ್ದು ಅವರದೇ ಬಾಯಿ.

ಎರಡನೆಯ ಸಲದ ಚಹಾವನ್ನು ಹಿತ್ತಾಳೆಯ ಗಂಗಾಳದಲ್ಲಿ ಸುರುವಿ, ಒಂದೆರಡು ಚೂರು ಬರ್ಫ ಹಾಕಿ, ಗಾಳಿ ಆಡಲೆಂದು ಬಾಗಿಲ ಹತ್ತಿರ ಇಟ್ಟಿದ್ದೆ. ಅಷ್ಟರಲ್ಲಿ ವರ ಅಂಗಳಕ್ಕೆ ಬಂದ. ಉಡಚವ್ವನ ಕಣ್ಣಿಗೆ ಪೊರೆ ಬಂದು ಎರಡು ವರ್ಷ. ಬಾಗಿಲಲ್ಲಿ ಗಂಡು, ಗಂಗಾಳದಲ್ಲಿ ಕೆಂಪು ನೀರು. ಅರಿಶಿಣಕ್ಕೆ ಸುಣ್ಣ ಕದಡಿದ ಓಕುಳಿ ಎಂದೇ ತಿಳಿದಳು. ನೋಡಲು ಬಂದ ಗಂಡಿಗೆ ನಮ್ಮಲ್ಲಿ ಓಕುಳಿ ಎತ್ತುವುದಿಲ್ಲ. ಅದು ಮದುವೆಯಾಗಿ ಬಂದ ಅಳಿಯನಿಗೆ. ಆದರೆ ಒಳಗೆ ಎಲ್ಲ ಕೂಡಿಬಂದಿದೆ, ತನಗೊಬ್ಬಳಿಗೇ ಹೇಳಿಲ್ಲ ಎಂದುಕೊಂಡಳೋ ಏನೋ. ಗಂಗಾಳ ಎತ್ತಿ, ಸೋಬಾನ ಗುನುಗುತ್ತ ಮೂರು ಸುತ್ತು ಇಳಿ ತೆಗೆದು, ಬೆರಳದ್ದಿ ಅವನ ಹಣೆಗೆ ಹಚ್ಚಿ, ಉಳಿದದ್ದನ್ನು ಬೀದಿಗೆ ಚೆಲ್ಲಿದಳು. ಒಂದು ಚೂರು ಬರ್ಫ ಅವನ ಪಾದದ ಮೇಲೆ ಬಿದ್ದು, ಅವನು ಒಂದು ಕಾಲಲ್ಲಿ ಕುಣಿದ. ಹಣೆಯ ಹನಿ ಮೂಗಿನ ಮೇಲಿಂದ ಇಳಿದು ತುಟಿಗೆ ಬಂತು. ನೆಕ್ಕಿದ.

'ಸಿಹಿ ಐತಿ' ಎಂದ.

ಆಗ ನೀನು ನಕ್ಕೆ.

ಅಡಿಗೆಮನೆಯ ಬಾಗಿಲು ಹಿಡಿದು, ಸೆರಗು ಬಾಯಿಗೆ ಒತ್ತಿಕೊಂಡರೂ ನಿಲ್ಲದೆ ನಕ್ಕೆ. ಹುಲಗಪ್ಪನವರು ಕೈಯಲ್ಲಿದ್ದ ಖಾಲಿ ಗಲಾಸನ್ನು ನೋಡಿದರು, ಬೀದಿಯಲ್ಲಿ ಹರಿಯುವ ಕೆಂಪು ನೀರನ್ನು ನೋಡಿದರು. 'ನಮಗ ಓಕುಳಿ ಕುಡಿಸಿ ಒಳಗ ನಿಂತು ನಗಾಕತ್ತೀರೇನು?' ಎಂದು ಎದ್ದರು. ನಾನು ದಾಸವಾಳ ಎಂದೆ, ಲಿಂಬೆ ಎಂದೆ. ವಿಲಾಯತಿ ಎಂದವನು ಈಗ ಹಿತ್ತಲಿನದು ಎಂದರೆ ಯಾರು ನಂಬುತ್ತಾರೆ? ಉಡಚವ್ವನಂತೂ, 'ತಾಟಿನ್ಯಾಗ ಕೆಂಪ ನೀರ ಇಟ್ಟವರು ನೀವು, ಎತ್ತಿದ್ದು ನಂದೇನು ತಪ್ಪು?' ಎಂದು ನನ್ನ ಮೇಲೆಯೇ ಏರಿ ಬಂದಳು.

ಈಗ ಹೇಳು. ಚಹಾ ಮಾಡಿದವನು ನಾನು, ಚೆಲ್ಲಿದವಳು ಉಡಚವ್ವ, ಕುಡಿದು ಛಲೋ ಐತಿ ಎಂದವರು ಹುಲಗಪ್ಪನವರು, ನೆಕ್ಕಿದವನು ಅವರ ಮಗ. ಇಷ್ಟು ಮಂದಿಯಲ್ಲಿ ತಪ್ಪಾಯಿತೆನ್ನಬೇಕಾದವಳು ನೀನೊಬ್ಬಳೇ ಹೇಗಾದೆ? ಹುಡುಗ ಕೆಟ್ಟವನೆಂದು ನಾನು ಹೇಳುವುದಿಲ್ಲ. ನೀನು ನಕ್ಕಾಗ ಅವನ ಬಾಯಿಯೂ ಬಿರಿದಿತ್ತು, ನಾನು ನೋಡಿದ್ದೇನೆ. ಅಪ್ಪನ ಮುಖ ಕಂಡು ಗಪ್ಪನೆ ಮುಚ್ಚಿಕೊಂಡ. ಹಾಗೆ ಮುಚ್ಚಿಕೊಂಡ ಬಾಯಿಯ ಎದುರು ಕೂತು ನೀನು ಜನ್ಮಪೂರ್ತಿ ಉಣ್ಣಬೇಕು. ವಿಚಾರ ಮಾಡು.

ನಿನಗೆ ನಿಮ್ಮವ್ವನ ನೆನಪು ಕಡಿಮೆ. ನಮ್ಮ ವೈನಿ ನಕ್ಕರೆ ಕಟ್ಟಿದ ಎತ್ತು ಮೇವು ಬಿಟ್ಟು ತಲೆ ಎತ್ತುತ್ತಿದ್ದವು. ನಿಮ್ಮಪ್ಪ ಹೊಲಕ್ಕೆ ಹೊರಟವನು ಏನೋ ಮರೆತೆನೆಂದು ತಿರುಗಿ ಬರುತ್ತಿದ್ದ, ಬರಿ ಅದನ್ನು ಕೇಳಲಿಕ್ಕೆ. ಆಕೆ ಹೋದ ಮೇಲೆ ಆ ಮನೆಯಲ್ಲಿ ಭಾಂಡೆಯ ಸಪ್ಪಳವಷ್ಟೇ ಉಳಿಯಿತು. ಸಾಲಿ ಕಲಿಯಲೆಂದು ನಿನ್ನನ್ನು ನನ್ನ ಹತ್ತಿರ ತಂದು ಬಿಟ್ಟಾಗ ನೀನೂ ನಗುತ್ತಿರಲಿಲ್ಲ. ನಾನು ಇಷ್ಟೆಲ್ಲ ಸುಳ್ಳು ಹೇಳಲು ಕಲಿತದ್ದು ಯಾತಕ್ಕೆಂದು ತಿಳಿದಿದ್ದೀ? ಒಂದು ಸುಳ್ಳಿಗಾದರೂ ನಿನ್ನ ಹಲ್ಲು ಕಾಣಲಿ ಎಂದು. ಇದನ್ನು ನಿನಗೆ ಎಂದೂ ಹೇಳಿರಲಿಲ್ಲ. ಆ ದಿನ ಅಡಿಗೆಮನೆಯ ಬಾಗಿಲಲ್ಲಿ ವೈನಿಯ ನಗೆಯೇ ಕೇಳಿಬಂತು. ಅಣ್ಣನಿಗೂ ಕೇಳಿಸಿರಬೇಕು, ಅವನ ಮುಖ ಒಂದು ಗಳಿಗೆ ಬೇರೆಯಾಗಿತ್ತು. ಅದೇ ಮನುಷ್ಯ ಈಗ ಮಗಳಿಂದ ನಗುವುದಿಲ್ಲವೆಂದು ಆಣೆ ಹಾಕಿಸಲು ಬಸ್ಸು ಹತ್ತುತ್ತಾನಂತೆ. ಈ ಪತ್ರವನ್ನು ಅವನೇ ಒಡೆದು ಓದುತ್ತಿದ್ದರೆ ಓದಲಿ. ಅಣ್ಣಾ, ನಿನ್ನ ಮಾತು ಮೀರುವುದು ನನಗೆ ಹೊಸದಲ್ಲ, ಆದರೆ ಈ ಸಲ ಮೀರುತ್ತಿರುವುದು ವೈನಿಯ ಪರವಾಗಿ.

ನಿಮ್ಮಪ್ಪ ನಿನ್ನನ್ನು ಊರಿಗೆ, ಉಪ್ಪಿನಬೆಟಗೇರಿಗೆ, ಕರೆದೊಯ್ಯುವಾಗ ನೀನು ಬಸ್ಸಿನ ಕಿಟಕಿಯಿಂದ, 'ನಾ ನಗಬಾರದಾಗಿತ್ತು ಕಾಕಾ, ಎಲ್ಲಾರಿಗೂ ನಷ್ಟ ಆತು' ಎಂದೆ. ಬಸ್ಸು ಬಿಟ್ಟಿತು, ಉತ್ತರ ಹೇಳಲಾಗಲಿಲ್ಲ. ಈಗ ಹೇಳುತ್ತೇನೆ. ನಷ್ಟವೆಂದರೆ ಏನೆಂದು ನಿನ್ನ ಕಾಕಾನನ್ನು ಕೇಳು. ಬೀಗರಿಗೆ ಓಕುಳಿ ಕುಡಿಸಿದವನು ಎಂದು ಓಣಿಯ ಜನ ಆಡಿಕೊಳ್ಳತೊಡಗಿದಾಗ, ಹೌದು ಕುಡಿಸಿದೆ, ನಿಮಗೂ ಕುಡಿಸುತ್ತೇನೆ ಎಂದು ಅಡ್ಡೆಯ ಮುಂದೆಯೇ ಅಂಗಡಿ ಹಾಕಿದೆ. 'ಓಕುಳಿ ಚಹಾ' ಎಂದೇ ಹಲಗೆಗೆ ಬರೆಸಿದೆ. ಕಾಲೇಜಿನ ಹುಡುಗರು ಮುಗಿಬಿದ್ದರು, ಒಂದು ಎಮ್ಮೆ ಕೊಳ್ಳುವಷ್ಟು ಉಳಿಯಿತು ಎಂದು ನಿಮ್ಮಪ್ಪನಿಗೆ ಬರೆದಿದ್ದೆನಲ್ಲ, ಅದು ಸುಳ್ಳು. ಹುಡುಗರು ರಜೆಗೆ ಊರಿಗೆ ಹೋಗಿದ್ದರು. ಬಂದ ನಾಲ್ಕು ಜನ ಹೆಸರು ಓದಿ ಹಿಂದೆ ಸರಿದರು. ಬರ್ಫ ನಿತ್ಯ ಕರಗಿತು, ತಗಡು ಹೊಡೆಸಿದ ಪೆಟ್ಟಿಗೆ ಸೋರಿತು, ಮುಂಗಾರು ಬಂದು ಉಳಿದ ಬಾಯಾರಿಕೆಯನ್ನೂ ಒಯ್ದಿತು. ಎಷ್ಟು ಹೋಯಿತೆಂಬುದನ್ನು ಯಾರಿಗೂ ಹೇಳಿಲ್ಲ. ಈ ಸಾಲಿನಲ್ಲಿ ಬರೆಯಲೂ ಕೈ ಬರುತ್ತಿಲ್ಲ, ಕೆಳಗೆ ಬರೆಯುತ್ತೇನೆ. ಆದರೆ ನೋಡು, ಮರುದಿನ ಸೂರ್ಯ ಹುಟ್ಟಿದ. ರೊಟ್ಟಿ ತಿಂದೆ, ಅಡ್ಡೆಗೆ ಹೋದೆ, ಹಮಾಲರು ಚೇಷ್ಟೆ ಮಾಡಿದರು, ಎಲ್ಲರಿಗಿಂತ ಜೋರಾಗಿ ನಾನೇ ನಕ್ಕೆ. ಹೋದದ್ದು ರೊಕ್ಕ. ನಗೆ ಹೋಗಿದ್ದರೆ ಯಾವ ಅಡ್ಡೆಯಲ್ಲಿ ದುಡಿದು ತರುತ್ತಿದ್ದೆ?

ರವಿವಾರ ನೀನು ಹುಬ್ಬಳ್ಳಿಗೆ ಹೋಗುವುದಿಲ್ಲ. ಅಷ್ಟೂ ಮೀರಿ ಕರೆದೊಯ್ದರೆ, ಅಲ್ಲಿ ನಾನೂ ಇರುತ್ತೇನೆ, ಸುಳಿಯಬೇಡ ಎಂದವರ ಅಂಗಳದಲ್ಲಿಯೇ. ಸೋಮವಾರ ಟ್ರೇನಿಂಗ್ ಕಾಲೇಜು ತೆರೆಯುತ್ತದೆ. ನಿನ್ನ ಖೋಲಿಯ ಕಸ ಹೊಡೆಸಿದ್ದೇನೆ, ಕೀಲಿ ಹಾಕಿಲ್ಲ.

ಹೆಚ್ಚಿಗೆ ಬರೆಯಲು ಮುಲ್ಕಿ ಪರೀಕ್ಷೆ ನಪಾಸಾದವನಿಗೆ ಕಾಗದ ಸಾಲದು. ದೊಡ್ಡವರ ಮುಂದೆ, ಸಣ್ಣವರ ಮುಂದೆ, ಕನ್ನಡಿಯ ಮುಂದೆ, ಎಲ್ಲಿ ಬಂದರೆ ಅಲ್ಲಿ ನಕ್ಕು ನೂರು ವರ್ಷ ಬಾಳು ಎಂದು ಹರಸುವ,

ನೂರಾ ನಲವತ್ಮೂರು ರೂಪಾಯಿ ಕಳೆದುಕೊಂಡ ನಿನ್ನ ಕಾಕಾ,
ಯಂಕಣ್ಣ