ಸಾಯಲೊಲ್ಲದ ರಾಕ್ಷಸ

ಸೋಮವಾರ, ಮಾರ್ಚ್ ೪
ಮಧ್ಯಾಹ್ನ

ಪ್ರೀತಿಯ ಮಗಳೇ,

ಚೆನ್ನಾಗಿದ್ದೀಯಾ? ಮೂರು ವರ್ಷ ಬಿಟ್ಟು ಕಾಗದ ಬರೆದು, ತಡವಾಯಿತು ಕ್ಷಮಿಸು ಎಂದರೆ ನಗುತ್ತೀಯ. ನಗು, ಆದರೆ ಹರಿದು ಹಾಕಬೇಡ.

ಗುರುವಾರ ಬೆಳಗ್ಗೆ ನನ್ನ ಗಂಟಲಿನ ಆಪರೇಷನ್. ಧ್ವನಿಪೆಟ್ಟಿಗೆಯನ್ನೇ ತೆಗೆಯುತ್ತಾರೆ. ಜೀವ ಉಳಿಯುತ್ತದಂತೆ, ದನಿ ಉಳಿಯುವುದಿಲ್ಲವಂತೆ. ಇಪ್ಪತ್ತಾರು ವರ್ಷ ಬಸ್ ನಿಲ್ದಾಣದ ಮೈಕಿನಲ್ಲಿ ಕೂಗಿದವಳಿಗೆ ಬಂದ ಗತಿ ನೋಡು. ನನಗೆ ತುಂಬ ಭಯವಾಗಿದೆ.

ಇವತ್ತು ಕೆಲಸದ ಕೊನೆಯ ದಿನ. ಊಟದ ಹೊತ್ತಿಗೆ ವಿಶ್ರಾಂತಿ ಕೋಣೆಯಲ್ಲಿ ಎಂದಿನಂತೆ ನಮ್ಮ ಆಟ: ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಉರುಳಿಸಿ ಕಾದಾಡುವುದು. ನಿಮ್ಮೂರ ಬಸ್ಸಿನ ಡ್ರೈವರು ವೀರ, ಟಿಕೆಟ್ ಕೌಂಟರಿನವಳು ಮಾಟಗಾತಿ, ಕಥೆ ನಡೆಸುವ ನಾನೇ ಶತ್ರು. ಇವತ್ತಿನ ಶತ್ರು ನಾಟಕದ ಹುಚ್ಚು ಹಿಡಿದ ರಾಕ್ಷಸ. ಸಾಯುವ ಮುನ್ನ ಆಡುವ ಭಾಷಣ ಮುಗಿಯುವ ತನಕ ಅವನು ಸಾಯುವಂತಿಲ್ಲ. ಆ ನಿಯಮ ಮಾಡಿದವಳೂ ನಾನೇ.

ಡ್ರೈವರು ಮೊದಲ ಏಟಿಗೇ ಆರು ಬೀಳಿಸಿ ಕತ್ತಿ ಇಳಿಸಿದರು. "ಅಯ್ಯೋ ಹೊಟ್ಟೆ! ಈಗಷ್ಟೇ ಉಂಡಿದ್ದೆ!" ಎಂದು ಮೇಜಿನ ಮೇಲೆ ಒರಗಿದೆ. ಇಬ್ಬರೂ ಬಿದ್ದು ಬಿದ್ದು ನಕ್ಕರು. ರಾಕ್ಷಸ ಎದ್ದ, ಕಿರೀಟ ಸರಿಮಾಡಿಕೊಂಡ, ಸೋದರತ್ತೆಗೆ ಶಾಪ ಹಾಕಿ ಮತ್ತೆ ಬಿದ್ದ.

"ಬೇಗ ಸಾಯ್ರೀ ಅಕ್ಕಾ, ಎರಡೂವರೆಗೆ ನನ್ ಬಸ್ಸು," ಎಂದರು ಡ್ರೈವರು.

"ಇನ್ನೊಂದೇ ಮಾತು," ಎಂದೆ. ಗಂಟಲು ಉರಿಯುತ್ತಿತ್ತು. ಮಾತು ಮುಗಿದರೆ ಎಲ್ಲ ಮುಗಿದಂತೆ ಅನ್ನಿಸಿ, ನಿಲ್ಲಿಸಲು ಕೈಲಾಗಲಿಲ್ಲ. ಅರ್ಧ ಗಂಟೆ ಸಾಯುತ್ತಲೇ ಇದ್ದೆ. ಅವರ ನಗು ಯಾವಾಗ ನಿಂತಿತೋ ಗೊತ್ತಾಗಲಿಲ್ಲ.

ಕೌಂಟರಿನವಳು ದಾಳವನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಹೇಳಿದಳು: "ಅಕ್ಕಾ, ಈ ರಾಕ್ಷಸ ಯಾರಿಗೋ ಏನೋ ಹೇಳ್ಬೇಕು ಅಂತ ಒದ್ದಾಡ್ತಿದಾನೆ. ನಮಗಂತೂ ಅಲ್ಲ."

"ಮಗಳಿಗೆ," ಎಂದೆ. ಡ್ರೈವರು ಮೆಲ್ಲಗೆ, "ಬರೆದುಕೊಡಿ, ನಾನೇ ತಲುಪಿಸ್ತೀನಿ. ಬಸ್ಸು ತಡ ಆದ್ರೆ ಬೈಸ್ಕೊಂಡ್ರಾಯ್ತು," ಎಂದರು. ಈಗ ಹೊರಗೆ ಹಾರ್ನ್ ಹೊಡೆಯುತ್ತಿದ್ದಾರೆ, ಪ್ರಯಾಣಿಕರು ಗಲಾಟೆ ಎಬ್ಬಿಸಿದ್ದಾರೆ. ಅಕ್ಷರ ಕೆಟ್ಟದಾಗಿದ್ದರೆ ಬೈಯಬೇಡ.

ಹೊತ್ತಿಗೆ ಸರಿಯಾಗಿ ಉಣ್ಣು. ನೂರು ಕಾಲ ತಣ್ಣಗಿರು.

ನಿನ್ನ
ಅಮ್ಮ

ಮ.ಮಾ.: ಮರೆತ ಮಾತಲ್ಲ ಇದು, ಬರೆಯಲು ಧೈರ್ಯ ಸಾಲದೆ ಉಳಿದದ್ದು. ನೀನು ಇಷ್ಟಪಟ್ಟವನ ಜೊತೆ ಹೊರಟ ದಿನ, "ನನ್ ಪಾಲಿಗೆ ನೀನು ಸತ್ತೆ" ಎಂದೆ. ಈ ದನಿಯಲ್ಲಿ ನೀನು ಕೇಳಿದ ಕೊನೆಯ ಮಾತು ಅದು. ನಾನು ಫೋನ್ ಮಾಡುತ್ತೇನೆ, ಬುಧವಾರದೊಳಗೆ ಒಂದು ಸಲ ಎತ್ತು ಮಗಳೇ. ನೀನು ಏನೂ ಮಾತಾಡಬೇಕಾಗಿಲ್ಲ.