ಕಡಲಮೊಲದ ವಿಷ

ಡಿಸೆಂಬರ್ 10, ಬೆಳಿಗ್ಗೆ

‘ಬಣ್ಣವೆಂದರೆ ಹತ್ತಿರ ಬಾ ಎಂಬ ಕರೆ...’ ಎಲ್ಲಿ ಓದಿದ್ದು? ‘ಬಾ’ ಎಂದಿತ್ತೋ, ‘ಬಾರದಿರು’ ಎಂದಿತ್ತೋ? ಎಂ.ಎಸ್ಸಿ. ಪಾಠವಾದರೆ ಎರಡನೆಯದೇ ಸರಿ. ಚಿಪ್ಪು ಕಳಚಿಕೊಂಡ ಕಡಲ ಹುಳುಗಳು ಕಿತ್ತಳೆ, ನೀಲಿ ತೊಟ್ಟು ಬಯಲಲ್ಲೇ ಕೂರುತ್ತವೆ — ತಿಂದರೆ ಕೆಟ್ಟೆ ಎಂದು ಮೀನಿಗೆ ಹೇಳಲು. ಕವಿತೆಯಾದರೆ ಗೊತ್ತಿಲ್ಲ.

ನಿನ್ನೆ ಐದನೇ ಡ್ರಿಪ್. ಔಷಧಿ ಚೀಲದ ಮೇಲೆ ಎಚ್ಚರಿಕೆಯ ನೇರಳೆ ಸ್ಟಿಕರ್. ನರ್ಸ್ ಎರಡು ಜೊತೆ ಗ್ಲೌಸ್ ಹಾಕಿಕೊಂಡು ಮುಟ್ಟಿದಳು. ನನಗೆ ಸೀದಾ ರಕ್ತಕ್ಕೆ.

ಡಿಸೆಂಬರ್ 13

ನನ್ನ ಲಿಂಫೋಮಾ ಕ್ಯಾನ್ಸರಿಗೆ ಕೊಡುತ್ತಿರುವ ಔಷಧಿಯ ಮೂಲ ಕಡಲಮೊಲ. ಹೆಸರಷ್ಟೇ ಮೊಲ, ಬಸವನಹುಳುವಿನ ಬಳಗ. ಚಿಪ್ಪು ಮೈಯೊಳಗೆ ತೆಳ್ಳಗೆ ಉಳಿದಿದೆ, ಕಾಯಲು ಸಾಲದು. ತಿಂದ ಪಾಚಿಯ ವಿಷವನ್ನೇ ಮೈಯಲ್ಲಿಟ್ಟುಕೊಂಡು ಬದುಕುತ್ತದೆ. ಲ್ಯಾಬಿನಲ್ಲಿ ಆ ವಿಷದ ನಕಲು ಮಾಡಿದ್ದಾರೆ.

ಕಾಲೇಜಿನಲ್ಲಿ ಇಷ್ಟು ವರ್ಷ ಪ್ರಾಣಿಶಾಸ್ತ್ರದ ಪಾಠ ಹೇಳಿದೆ. ಆ ವಿಷ ಇಟ್ಟುಕೊಂಡವರಿಗೆ ಏನೂ ಆಗುವುದಿಲ್ಲವೇ ಎಂದು ಯಾರೂ ಕೇಳಲಿಲ್ಲ.

ಡಿಸೆಂಬರ್ 22, ಸಂಜೆ

ಅವರೆಕಾಳು ಹಿತಕಲು ಕೂತೆ. ನೆನೆದ ಕಾಳು, ಒತ್ತಿದರೆ ಸಿಪ್ಪೆಯಿಂದ ಜಾರಬೇಕು. ಒತ್ತಿದೆನೋ ಇಲ್ಲವೋ, ತಿಳಿಯದು. ಬೆರಳ ತುದಿಗಳು ಬೇರೆ ಯಾರದೋ.

ಪ್ರಸಾದ್ ಎದುರಿಗೆ ಕೂತರು. ನನ್ನ ಕೈಯಿಂದ ಒಂದು ಕಾಳು ಹಾರಿ ಅವರ ಕನ್ನಡಕಕ್ಕೆ ಬಡಿಯಿತು.

“ಗಂಡನ್ ಮೇಲೇ ಗುರಿ ಇಟ್ಟಿದೀಯಾ?”

ನಗಬೇಕಿತ್ತು.

“ಕೈ ಜೋಮು ಹಿಡಿದಿದ್ಯಾ, ಮಂಗಳಾ?”

“ಇಲ್ಲ ರೀ. ಚಳಿ.”

ಡಿಸೆಂಬರ್ 31

ನಿನ್ನೆ ಆರನೆಯದು. ಬ್ಲೌಸಿನ ಹುಕ್ ಹಾಕಲಾಗದೆ ಚೂಡಿದಾರದಲ್ಲಿ ಹೋದೆ. “ಪರ್ವಾಗಿಲ್ವೇ, ಕಾಲೇಜ್ ಹುಡುಗಿ” ಎಂದರು ಪ್ರಸಾದ್.

ಡಾಕ್ಟರ್ ಕೇಳಿದರು: “ಬೆರಳಲ್ಲಿ ಜೋಮು, ಉರಿ ಏನಾದ್ರೂ ಇದ್ಯಾ?” ಹೌದೆಂದರೆ ವಿಷ ನರಕ್ಕೂ ತಗುಲಿದೆಯೆಂದು ಡೋಸ್ ಇಳಿಸುತ್ತಾರೆ, ನಿಲ್ಲಿಸಲೂಬಹುದು. ಕತ್ತಿನ ಗಂಟು ಈಗಷ್ಟೇ ಕರಗುತ್ತಿದೆ.

“ಇಲ್ಲ ಡಾಕ್ಟ್ರೇ.”

ಪ್ರಸಾದ್ ಪಕ್ಕದಲ್ಲೇ ಇದ್ದರು. ನಂಬಿದರು. ನಾಚಿಕೆಯಾಗಬೇಕಿತ್ತು, ಕೊನೆಗೆ ಭಯವಾದರೂ. ಏನೂ ಇಲ್ಲ.

ಜನವರಿ 14, ಸಂಕ್ರಾಂತಿ

ಪಕ್ಕದ ಮನೆಯ ಬೈರಮ್ಮ ಪೊಂಗಲ್ ತಂದರು. ಸ್ಟೀಲ್ ಪಾತ್ರೆಯನ್ನು ಸೆರಗಿನಲ್ಲಿ ಹಿಡಿದಿದ್ದರು. ಎರಡೂ ಕೈ ಚಾಚಿ ತೆಗೆದುಕೊಂಡೆ. ಬಾಗಿಲಲ್ಲೇ ನಿಂತು ಮಾತು — ಯಡಿಯೂರು ಕೆರೆ ಹತ್ತಿರದ ಟ್ರಾಫಿಕ್ಕು, ಕಬ್ಬಿನ ರೇಟು, ಅವರ ಸೊಸೆ ಅರ್ಪಿತ ಹಾಕಿದ ರಂಗೋಲಿ.

ಬೈರಮ್ಮನ ಮಾತು ನಡುವೆಯೇ ನಿಂತಿತು. ನನ್ನ ಕೈ ನೋಡುತ್ತಿದ್ದರು. ಪ್ರಸಾದ್ ಬಂದು ನನ್ನ ಹಿಂದೆ ನಿಂತದ್ದು ಆಗಲೇ.

“ಅಯ್ಯೋ, ಕೆಳಗಿಡಿ ಮೇಡಂ! ಈಗ ತಾನೇ ಒಲೆ ಮೇಲಿಂದ ಇಳ್ಸಿದ್ದು... ಸುಡ್ತಿಲ್ವಾ ನಿಮ್ಗೆ?”