ಎತ್ತಿಟ್ಟ ಅರ್ಧ ಬಾಟಲಿ

8 ಮಾರ್ಚ್ 2025, ಶನಿವಾರ

ಇದನ್ನು ಇಲ್ಲಿಯೂ ಬರೆಯದೆ ಬಿಡುವವಳಿದ್ದೆ. ನಿನ್ನೆ ಫೋನಿನಲ್ಲಿ ಪ್ರದ್ಯುಮ್ನ ಕೇಳಿದರು — ಗುಜರಾತಿನ ಪ್ಲಾಂಟಿನಲ್ಲೇ ಇನ್ನೆರಡು ವರ್ಷ ಇರಿ ಅಂತಿದ್ದಾರೆ, ಏನಂತೀಯ? "ನಿಮ್ಮಿಷ್ಟ" ಅಂದೆ. ಬೇಡ ಅನ್ನಬೇಕೆಂದಿದ್ದೆ. ಗಂಡನ ಕೆಲಸಕ್ಕೆ ಅಡ್ಡ ಬರಬಾರದೆಂಬ ಒಳ್ಳೆಯತನವೋ, ಕೇಳಿ ಇಲ್ಲ ಅನ್ನಿಸಿಕೊಳ್ಳುವ ಭಯವೋ... ಗೊತ್ತಿಲ್ಲ.

22ಕ್ಕೆ ಬರುತ್ತಾರೆ. ಮದುವೆಯಾದ ದಿನ. ಪ್ರತಿವರ್ಷ ಒಂದು ಬಾಟಲಿ ವೈನ್, ಇಬ್ಬರಿಗೆ — ನಾಸಿಕ್‌ನಲ್ಲಿದ್ದಾಗ ಅಂಟಿದ ಅಭ್ಯಾಸ. ಅವರಿರುವ ಊರಿನಲ್ಲಿ ಮದ್ಯವೇ ನಿಷೇಧ. ಹಾಗಾಗಿ ತರುವ ಕೆಲಸ ಈಗ ನನ್ನದು.

ಗುಬ್ಬಿ ಕಾಲೇಜಿನಲ್ಲಿ ಪಾಠ ಮುಗಿಸಿ ತುಮಕೂರಿಗೆ ಬಂದವಳು ಮನೆಗೆ ಹೋಗದೆ ಆಟೋ ಹಿಡಿದು ಶಿರಾ ಗೇಟ್‌ಗೆ ಹೋದೆ. ಮನೆ ಹತ್ತಿರದ ಕುಣಿಗಲ್ ರಸ್ತೆಯ ಅಂಗಡಿಯಾದರೆ ಗುರುತಿನವರು ಸಿಗುತ್ತಾರೆ. ಅಂಗಡಿಯ ಭೀಮರಾಜ್ ನನ್ನನ್ನು ನೋಡಿ ಟೀವಿ ಸೌಂಡ್ ಕಮ್ಮಿ ಮಾಡಿದ.

"ವೈನಾ ಮೇಡಂ? ಬೋರ್ಡಲ್ಲಿ ವೈನ್ಸ್ ಅಂತ ಐತೆ ಅಷ್ಟೆ. ಕೇಳೋರೇ ಇಲ್ಲ."

ಗಾಜಿನ ಪಕ್ಕದ ಬಾಟಲಿಗೆ ಕೈ ಹಾಕಿದ. ಬಿಸಿಲಲ್ಲಿ ನಿಂತದ್ದು ಬೇಡ, ಒಳಗಿನದು ಕೊಡಿ ಅಂದೆ.

"ಎರಡೂ ಒಂದೇ ಮಾಲು."

"ಬಿಸಿಲಲ್ಲಿಟ್ಟ ಹಾಲೂ ಒಳಗಿಟ್ಟ ಹಾಲೂ ಒಂದೇನಾ?"

"ಟೀಚರ್ರಾ ಮೇಡಂ ನೀವು?" ಅಂದ. ನಗುತ್ತಲೇ ಒಳಗೆ ಹೋದ.

ಬಿಳಿ ವೈನ್. ಇಸವಿ ನೋಡಿ ಹೊಸದನ್ನೇ ಆರಿಸಿದೆ. ಸಾಧಾರಣ ಬೆಲೆಯ ಬಿಳಿ ವೈನ್ ಹಳತಾದಷ್ಟೂ ಒಳ್ಳೆಯದು ಅನ್ನುವುದು ಸುಳ್ಳು. ಬಿರಡೆ ಇಲ್ಲ, ತಿರುಗಿಸುವ ಮುಚ್ಚಳ. ಅದೇನೂ ಕಳಪೆಯ ಗುರುತಲ್ಲ. ಕೆಂಪು ತೆಗೆದುಕೊಳ್ಳಲಿಲ್ಲ. ನಮ್ಮ ಮನೆಯ ಖಾರಕ್ಕೆ ಕೆಂಪು ಸೇರಿದರೆ ನಾಲಿಗೆ ಇನ್ನಷ್ಟು ಉರಿಯುತ್ತದೆ. ತುಸು ಸಿಹಿಯಿರುವ ಬಿಳಿ ಖಾರವನ್ನು ತಣಿಸುತ್ತದೆ.

12 ಮಾರ್ಚ್

ಫಿಸಿಕ್ಸ್ ಲ್ಯಾಬಿನ ಥರ್ಮಾಮೀಟರ್ ಮೂವತ್ತಮೂರು ತೋರಿಸುತ್ತಿತ್ತು. ಕೆಂಪು ವೈನನ್ನು ರೂಮ್ ಟೆಂಪರೇಚರಿನಲ್ಲಿ ಕೊಡಬೇಕು ಅಂತ ಎಲ್ಲರೂ ಬರೆಯುತ್ತಾರೆ. ಯಾರ ರೂಮು? ತುಮಕೂರಿನಲ್ಲಿ ಕೆಂಪೂ ಅರ್ಧ ಗಂಟೆ ಫ್ರಿಜ್‌ನಲ್ಲಿರಬೇಕು. ಬಿಳಿಯಾದರೆ ಎರಡು ಗಂಟೆ. ಫ್ರೀಜರ್ ಮಾತ್ರ ಬೇಡ.

ಅತ್ತೆ ಬಾಟಲಿ ನೋಡಿಬಿಟ್ಟರು. ತಾವು ದಿನಾ ರಾತ್ರಿ ಎರಡು ಚಮಚ ದ್ರಾಕ್ಷಾಸವ ಕುಡಿಯುತ್ತಾರೆ. ಅದೂ ಹುದುಗಿದ ದ್ರಾಕ್ಷಿಯೇ ಅಲ್ಲವಾ ಅಂದೆ.

"ನಂದು ಔಷಧಿ ಕಣೇ. ನಿಂದು ಷೋಕಿ," ಅಂದರು. "ಮೊಸರಿನ ಪಕ್ಕ ಇಡ್ಬೇಡ. ಕೆಳಗಿಡು."

22 ಮಾರ್ಚ್, ಸಂಜೆ

ಮಧ್ಯಾಹ್ನ ಫೋನ್. ಇಯರ್ ಎಂಡ್, ಆಡಿಟ್, ಟಿಕೆಟ್ ಕ್ಯಾನ್ಸಲ್. "ಯುಗಾದಿಗೆ ಖಂಡಿತ ಬರ್ತೀನಿ ವಾಣಿ. ಬೇಜಾರಾಯ್ತಾ?" ಇಲ್ಲ ಅಂದೆ.

ಅಂಬೊಡೆಗೆ ಬೇಳೆ ನೆನೆದಾಗಿತ್ತು. ಕರಿದೆ. ಅತ್ತೆಗೆ ನಾಲ್ಕು. ನಾಸಿಕ್‌ನ ಗ್ಲಾಸ್ ಎರಡೂ ತೊಳೆದು ಒರೆಸಿದ್ದೆ. ಒಂದನ್ನು ವಾಪಸ್ ಇಟ್ಟೆ. ಇನ್ನೊಂದರಲ್ಲಿ ಮೂರನೇ ಒಂದು ಭಾಗದಷ್ಟೇ ಸುರಿದೆ, ವಾಸನೆಗೆ ಜಾಗ ಬೇಕು. ಗ್ಲಾಸಿನ ಕಾಲು ಹಿಡಿಯಬೇಕು, ಹೊಟ್ಟೆ ಹಿಡಿದರೆ ಕೈಯ ಬಿಸಿ ತಾಗುತ್ತದೆ. ಮೊದಲು ಮೂಸಬೇಕು. ಆಮೇಲೆ ಸಣ್ಣ ಗುಟುಕು, ಬಾಯಿತುಂಬ ಆಡಿಸಿ.

ಪ್ರದ್ಯುಮ್ನ ಯಾವಾಗಲೂ ಸೀಬೆಹಣ್ಣು ಅನ್ನುತ್ತಾರೆ. ನಾನು ನಿಂಬೆ ಎಲೆ ಅನ್ನುತ್ತೇನೆ. ಪ್ರತಿವರ್ಷ ಇದೇ ಜಗಳ. ಇವತ್ತು ಎದುರು ಹೇಳುವವರಿರಲಿಲ್ಲ — ಸೀಬೆಯದೇ ವಾಸನೆ ಬಂತು.

ಅರ್ಧ ಉಳಿಸಿ ಮುಚ್ಚಳ ಬಿಗಿದು ಫ್ರಿಜ್‌ನಲ್ಲಿಟ್ಟೆ. ಅವರ ಪಾಲು. ತೆರೆದದ್ದು ಮೂರು ನಾಲ್ಕು ದಿನಕ್ಕಿಂತ ಇಡಬಾರದು. ಗೊತ್ತು. ಆದರೂ ಈ ಮನೆಯಲ್ಲಿ ಅವರಿಗೆ ಎತ್ತಿಡದೆ ಏನನ್ನೂ ಮುಗಿಸಿದವಳಲ್ಲ.

29 ಮಾರ್ಚ್, ಶನಿವಾರ

ಯುಗಾದಿಗೂ ಇಲ್ಲ. ಬೆಳಿಗ್ಗೆ ಮೆಸೇಜ್. ಜೊತೆಗೆ — ಮುಂದಿನ ಶನಿವಾರದೊಳಗೆ ಎಚ್‌ಆರ್‌ಗೆ ಉತ್ತರ ಕೊಡಬೇಕು, ನಿನಗೆ ಓಕೆ ತಾನೆ? ಇನ್ನೂ ಉತ್ತರಿಸಿಲ್ಲ.

ಬಾಟಲಿ ತೆಗೆದೆ. ಮೂಸಿದಾಗಲೇ ತಿಳಿಯಿತು. ಸೀಬೆಯೂ ಇಲ್ಲ, ನಿಂಬೆ ಎಲೆಯೂ ಇಲ್ಲ. ಚಪ್ಪೆ, ಹಿಂದೆಯೇ ಹುಳಿ. ಸಿಂಕಿಗೆ ಸುರಿಯುತ್ತಿದ್ದಾಗ ಅತ್ತೆ ಬಂದರು.

"ಕೆಟ್ಟೋಯ್ತಾ?"

"ಹೂಂ. ಅವರಿಗೆ ಅಂತ ಇಟ್ಟಿದ್ದೆ."

"ಸಂಕ್ರಾಂತಿ ಎಳ್ಳು ಇನ್ನೂ ಡಬ್ಬೀಲಿ ಇಟ್ಟಿದೀಯ. ಕೋಡುಬಳೆ ಮುಗ್ಗಲು ಬಂತು ಅಂತ ನಾನೇ ಹೋದ ವಾರ ಬಿಸಾಕ್ದೆ. ನಿಂಗೆ ಹೇಳ್ಲಿಲ್ಲ." ಕುರ್ಚಿ ಎಳೆದು ಕೂತರು. "ಅವನಿಗೆ ಏನೇನು ಎತ್ತಿಟ್ಟಿದೀಯ ಅಂತ ಅವನಿಗೆ ಗೊತ್ತೇನೇ?"

"ಹೇಳಿದ್ರೆ ಅಲ್ಲಿ ಬೇಜಾರು ಮಾಡ್ಕೋತಾರೆ."

"ಮಾಡ್ಕೊಳ್ಲಿ ಬಿಡು. ನೀನೊಬ್ಳೇ ಯಾಕೆ ಮಾಡ್ಕೋಬೇಕು? ನನ್ ಮಗ ಪೆದ್ದ. ನಿಮ್ಮಿಷ್ಟ ಅಂದ್ರೆ ನಿಜವಾಗ್ಲೂ ತನ್ನಿಷ್ಟ ಅನ್ಕೋತಾನೆ."

ಫೋನಿನ ಮಾತು ಇವರಿಗೆ ಕೇಳಿಸಿತ್ತು ಹಾಗಾದರೆ. ಬಾಟಲಿ ತೊಳೆಯುತ್ತಲೇ ನಿಂತಿದ್ದೆ.

30 ಮಾರ್ಚ್, ಯುಗಾದಿ. ಮಧ್ಯಾಹ್ನ 3

ಒಬ್ಬಟ್ಟು ಮಾಡಿದೆ. ನನ್ನದು, ಅತ್ತೆಯದು. ಉಳಿದದ್ದನ್ನು ಪಕ್ಕದ ಮನೆಯ ಮಾಲಿನಿಗೆ ಕೊಟ್ಟೆ. ಕೊಡುವಾಗ ಕೈ ತಡೆಯಿತು.

ಹನ್ನೊಂದಕ್ಕೆ ಅವರಿಗೆ ಫೋನ್ ಮಾಡಿದ್ದೆ, ಹೇಳಿಬಿಡೋಣ ಅಂತ. ಹಬ್ಬದ ಶುಭಾಶಯ, ನೀರಿನ ಮೋಟರು, ಅತ್ತೆಯ ಬೀಪಿ. ಅಷ್ಟರಲ್ಲಿ ಯಾರೋ ಕರೆದರು, ಇಟ್ಟರು. ಮೆಸೇಜ್ ಮಾಡಿದರೆ ಉತ್ತರಕ್ಕೆ ಹೆಬ್ಬೆಟ್ಟಿನ ಚಿತ್ರವಷ್ಟೇ ಬರುತ್ತದೆ. ಹಾಗಾಗಿ ಕಾಗದದ ಮೇಲೆ ಬರೆದೆ. ಮದುವೆಯಾದ ಮೇಲೆ ಅವರಿಗೆ ಬರೆದ ಮೊದಲ ಕಾಗದ.

ನನಗೆ ಓಕೆ ಅಲ್ಲ. ಎರಡು ವರ್ಷ ಬೇಡ. ಬಂದುಬಿಡಿ. ಇಲ್ಲಿ ವಸಂತನರಸಾಪುರದ ಫ್ಯಾಕ್ಟರಿಯಲ್ಲಿ ಕಮ್ಮಿ ಸಂಬಳದ ಕೆಲಸವಾದರೂ ಸರಿ. ಬರಲಾಗುವುದಿಲ್ಲ ಅಂದರೆ ಅದನ್ನಾದರೂ ನೇರವಾಗಿ ಹೇಳಿ, ನಾನು ರಜೆ ಹಾಕಿ ಅಲ್ಲಿಗೆ ಬರುತ್ತೇನೆ.

ಓದಿ ನೋಡಿದೆ. ತೀರಾ ಒರಟಾಯಿತಾ? "ದಯವಿಟ್ಟು" ಸೇರಿಸಿದೆ. ಹೊಡೆದು ಹಾಕಿದೆ.

ನಾಳೆ ರಂಜಾನ್ ರಜೆ, ಪೋಸ್ಟ್ ಆಫೀಸ್ ಇಲ್ಲ. ನಾಡಿದ್ದು ಸ್ಪೀಡ್ ಪೋಸ್ಟ್ ಮಾಡಿದರೆ ಶನಿವಾರದೊಳಗೆ ಸಿಗುತ್ತದೆ. ಏಪ್ರಿಲ್ ಒಂದು ಅನ್ನುವುದು ಈಗ ಹೊಳೆಯಿತು. ಮೊಹರು ನೋಡಿ ತಮಾಷೆ ಅಂದುಕೊಂಡರೆ... ಅಂದುಕೊಳ್ಳಲಿ. ಒಂದು ದಿನವೂ ಮುಂದೆ ಹಾಕುವುದಿಲ್ಲ.

ಮಂಗಳವಾರ, ಏಪ್ರಿಲ್ 1 — ಕಾಗದ ಸ್ಪೀಡ್ ಪೋಸ್ಟ್ ಮಾಡಿ ಬಂದೆ, ರಸೀದಿಯನ್ನು ಈ ಪುಟಕ್ಕೇ ಅಂಟಿಸಿದ್ದೇನೆ.